ಕತ್ತೆಯ ಹಿಂಗಾಲು ಮತ್ತು ಮೂರು ಪೆನ್‌ಡ್ರೈವ್

ಮನೆಯಿಂದ ಹೊರಟು ಗೇಟು ದಾಟಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಹೋಗುವವರ ಒಂದು ಪಂಗಡವಿದೆ. ನಾನು ಅದರಲ್ಲಿ ಸ್ವಲ್ಪ ಮೇಲಿನ ದರ್ಜೆಯವನು. ವಾಪಸು ಹೋಗಿ, ಆರಿಸಿರುವುದನ್ನು ಕಣ್ಣಾರೆ ಕಂಡು, ಹೊರಗೆ ಬಂದ ಮೇಲೆ, ನೋಡುವಾಗ ಕೈ ತಾಗಿ ತಿರುಗಿಬಿಟ್ಟಿತೇನೋ ಎಂದು ಇನ್ನೊಮ್ಮೆ ಹೋಗುವವನು. ಅಷ್ಟು ಹೊತ್ತು ನನ್ನ ಹೆಂಡತಿ ಸ್ಕೂಟರಿನ ಪಕ್ಕ ಬ್ಯಾಗು ಹಿಡಿದು ನಿಂತಿರುತ್ತಾಳೆ. "ಗ್ಯಾಸಿಗೆ ನನ್ನ ನಮಸ್ಕಾರನೂ ಹೇಳಿ" ಅನ್ನುತ್ತಾಳೆ.

ಇಂಥವನ ಮನೆಯಲ್ಲಿ ನಿಜವಾಗಿ ಕಳೆದುಹೋಗಬಾರದ್ದು ಅಂತ ಇದ್ದದ್ದು ಒಂದೇ. ಅದು ಅವಳು ಬರೆದ ನಾಟಕ.

ಅವಳು ಪ್ರೈಮರಿ ಶಾಲೆಯ ಟೀಚರು. ನಮ್ಮ ಚರ್ಚಿನ ಮಕ್ಕಳ ಕೈಲಿ ಕ್ರಿಸ್‌ಮಸ್ ನಾಟಕ ಆಡಿಸುವ ಕೆಲಸ ಬಹಳ ವರ್ಷಗಳ ಹಿಂದೆ ಅವಳ ಪಾಲಿಗೆ ಬಂತು. ಅಲ್ಲಿಯವರೆಗೆ ಮಕ್ಕಳು ಗ್ರಂಥದ ಭಾಷೆಯಲ್ಲಿ ಕಂಠಪಾಠ ಒಪ್ಪಿಸುತ್ತಿದ್ದರು, ಸಭೆ ಆಕಳಿಸುತ್ತಿತ್ತು. ಇವಳು ಏನು ಮಾಡಿದಳೆಂದರೆ, ಯೇಸು ಹುಟ್ಟುವ ರಾತ್ರಿ ತಂಗಲು ಜಾಗ ಹುಡುಕಿದ ಆ ಬಡ ದಂಪತಿಯನ್ನು ಕತ್ತೆಯ ಸಮೇತ ಮೈಸೂರಿಗೇ ಕರೆಸಿಬಿಟ್ಟಳು, ಅದೂ ದಸರಾ ಸಮಯಕ್ಕೆ. ತುಂಬು ಗರ್ಭಿಣಿಯನ್ನು ಕರೆದುಕೊಂಡು ಗಂಡ ಒಂದೊಂದೇ ಲಾಡ್ಜಿನ ಬಾಗಿಲು ತಟ್ಟುತ್ತಾನೆ. ಛತ್ರದ ಯಜಮಾನ ಹೊರಗೆ ಬಂದು, "ದಸರಾ ಟೈಮಲ್ಲಿ ಬಂದು ರೂಮ್ ಕೇಳ್ತೀರಲ್ಲ, ಎಲ್ಲಿಂದ ಬಂದ್ರಿ ನೀವು? ನನ್ ಮಂಚದ ಮೇಲೇ ಗುಲ್ಬರ್ಗದೋರು ಮಲಗವ್ರೆ!" ಎಂದು ಕೂಗುತ್ತಾನೆ. ಅವತ್ತು ಚರ್ಚಿನ ಹಾಲಿನಲ್ಲಿ ಎದ್ದ ನಗೆಗೆ ಗೋದಲಿಯ ಮೇಲಿನ ನಕ್ಷತ್ರ ಅಲ್ಲಾಡಿತು. ಕೊನೆಯ ದೃಶ್ಯಕ್ಕೆ ಅದೇ ಜನ ಕಣ್ಣೊರೆಸಿಕೊಂಡರು.

ಅಲ್ಲಿಂದ ಮುಂದೆ ಪ್ರತಿ ಡಿಸೆಂಬರಿನಲ್ಲೂ ಅದೇ ನಾಟಕ. ಆದರೆ ಪ್ರತಿ ವರ್ಷವೂ ಅವಳು ಕಂಪ್ಯೂಟರಿನ ಮುಂದೆ ಕೂತು ಅದನ್ನು ಒಂದಿಷ್ಟು ತಿದ್ದುತ್ತಿದ್ದಳು. ಒಂದು ವರ್ಷ ಕತ್ತೆಗೆ ಹೆಲ್ಮೆಟ್ ಇಲ್ಲವೆಂದು ಪೊಲೀಸಿನವನು ತಡೆದ. ಎಲ್ಲರೂ ಮಾಸ್ಕ್ ಹಾಕಿಕೊಂಡಿದ್ದ ಕಾಲದಲ್ಲಿ ದೇವದೂತ ಬಂದು, "ಭಯಪಡಬೇಡಿ, ಆದ್ರೆ ಒಸಿ ದೂರ ನಿಂತ್ಕಳಿ" ಎಂದ.

ತಾಲೀಮಿಗೆ ಅವಳದ್ದೇ ಒಂದು ಪದ್ಧತಿ ಇತ್ತು. ನಾಟಕದ ಒಂದೇ ಒಂದು ಪ್ರತಿ ಪ್ರಿಂಟ್ ತೆಗೆದು, ಕತ್ತರಿ ಹಿಡಿದು ಕೂತು, ಮಾತು ಮಾತಾಗಿ ಕತ್ತರಿಸಿ, ಆಯಾ ಮಗುವಿಗೆ ಅದರದರ ಚೀಟಿಯನ್ನಷ್ಟೇ ಕೊಡುತ್ತಿದ್ದಳು. "ಪೂರ್ತಿ ಕೊಟ್ರೆ ವಿಮಾನ ಮಾಡಿ ಹಾರಿಸ್ತವೆ. ತಮ್ಮದೊಂದೇ ಕೊಟ್ರೆ ಅದನ್ನಾದ್ರೂ ಓದ್ಕೊಳ್ತವೆ" ಎನ್ನುವುದು ಅವಳ ಸಿದ್ಧಾಂತ. ಹೀಗಾಗಿ ಕ್ರಿಸ್‌ಮಸ್ ಮುಗಿಯುವ ಹೊತ್ತಿಗೆ ನಾಟಕ ಚೂರುಚೂರಾಗಿ ಮಕ್ಕಳ ಜೇಬುಗಳಲ್ಲಿ, ಆಮೇಲೆ ವಾಷಿಂಗ್ ಮಷೀನುಗಳಲ್ಲಿ ಸೇರಿಹೋಗುತ್ತಿತ್ತು. ಇಡಿಯಾಗಿ ಉಳಿಯುತ್ತಿದ್ದದ್ದು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ. ಈ ಸಂಗತಿ ನನಗೆ ಹೊಳೆದ ದಿನ ಊಟ ಸೇರಲಿಲ್ಲ.

ಆಫೀಸಿನಲ್ಲಿ ಯಾರೋ ಹೇಳಿದರು, ಮುಖ್ಯವಾದದ್ದರ ಪ್ರತಿಗಳನ್ನು ಬೇರೆ ಬೇರೆ ಜಾಗದಲ್ಲಿ ಇಡಬೇಕು ಎಂದು. ನನ್ನಂಥವನಿಗೆ ಇದು ಸಲಹೆಯಲ್ಲ, ದೀಕ್ಷೆ. ಮೂರು ಪೆನ್‌ಡ್ರೈವ್ ಕೊಂಡೆ. ಕಂಪ್ಯೂಟರ್ ತೆರೆದ ಕೂಡಲೇ ಎದುರಿಗೆ ಕಾಣುವ ಪರದೆಯ ಮೇಲೆ, ಒತ್ತಿದರೆ ನಾಟಕ ತೆರೆಯುವ ಪುಟ್ಟ ಚಿತ್ರ ಇತ್ತು, ಅದರ ಮೂಲೆಯಲ್ಲಿ ಬಾಗಿದ ಪುಟ್ಟ ಬಾಣದ ಗುರುತು. ಅದನ್ನು ಎಳೆದು ಪೆನ್‌ಡ್ರೈವಿಗೆ ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಕಲಾಯಿತು. ಹಾಗೆಂದು ನಂಬುವ ಆಸಾಮಿಯೇ ನಾನು? ಪೆನ್‌ಡ್ರೈವಿನಿಂದಲೇ ತೆರೆದು ನೋಡಿದೆ. ನಾಟಕ ಮೊದಲಿನಿಂದ ಕೊನೆಯವರೆಗೆ ತೆರೆದುಕೊಂಡಿತು. ತೆಗೆದು, ಮತ್ತೆ ಚುಚ್ಚಿ, ಮತ್ತೆ ತೆರೆದೆ. ಮತ್ತೆ ತೆರೆದುಕೊಂಡಿತು. ಆ ಬಾಣ ಭದ್ರವಾಗಿದೆ ಎಂಬುದರ ಮುದ್ರೆ ಎಂದು ನಾನೇ ಅರ್ಥ ಮಾಡಿಕೊಂಡೆ. ಜೀವನದಲ್ಲಿ ಅಪರೂಪಕ್ಕೆ ನನಗೆ ನೆಮ್ಮದಿಯಾಯಿತು.

ಮೊದಲನೆಯದು ವಿಜಯನಗರದ ನಮ್ಮ ಮನೆಯ ಅಕ್ಕಿ ಡಬ್ಬದಲ್ಲಿ, ಹುಳ ಬಾರದಿರಲೆಂದು ಹಾಕಿದ ಒಣಮೆಣಸಿನಕಾಯಿಯ ಜೊತೆ. ಎರಡನೆಯದು ಚಾಮರಾಜಪುರಂನಲ್ಲಿರುವ ನನ್ನ ಅಕ್ಕನ ಮನೆಯ ಹೊಲಿಗೆ ಮಷೀನಿನ ಡ್ರಾಯರಿನಲ್ಲಿ, ಗುಂಡಿಗಳ ನಡುವೆ.

"ಏನೋ ಇದು, ಬಿಪಿ ಮಾತ್ರೆನಾ?" ಎಂದಳು ಅಕ್ಕ.

"ನಾಟಕ ಕಣಕ್ಕ."

"ಇಷ್ಟರೊಳಗಾ? ನಾನು ನೋಡಕ್ ಬಂದಾಗ ಬೆಂಚಿನ ಮೇಲೆ ಸೊಂಟ ಹಿಡ್ಕೊಳೋವರ್ಗೂ ಕೂರಿಸಿದ್ರಿ!"

ಮೂರನೆಯದು ಕೆಸರೆಯಲ್ಲಿ, ನನ್ನ ಜೊತೆ ಕೆಲಸ ಮಾಡುವ ಗೆಳೆಯನ ಮನೆಯಲ್ಲಿ. ಅವರ ಮನೆಯ ಷೋಕೇಸಿನಲ್ಲಿ ಕಣ್ಮುಚ್ಚಿ ಕೂತ ಬುದ್ಧನ ವಿಗ್ರಹವಿದೆ. ಅದರ ಪೀಠದ ಕೆಳಗೆ ಪೆನ್‌ಡ್ರೈವ್ ಹಿಡಿಸುವಷ್ಟು ಟೊಳ್ಳು. ಊರಿಗೆ ಏನೇ ಆಪತ್ತು ಬಂದರೂ ಪಶ್ಚಿಮದ ವಿಜಯನಗರ, ನಡುವಿನ ಚಾಮರಾಜಪುರಂ, ಉತ್ತರದ ಕೆಸರೆ ಮೂರಕ್ಕೂ ಒಟ್ಟಿಗೆ ಬರಲಾರದು ಎಂದು ಅವನಿಗೆ ವಿವರಿಸಿದೆ.

ಅವನು ವಿಗ್ರಹ ಎತ್ತಿ ಹಿಡಿದುಕೊಂಡು, "ಆಸೆ ಬುಡ್ರಪ್ಪ ಅಂತ ಬುದ್ಧರು ಹೇಳವ್ರೆ. ನೀನು ತಂದು ಅವ್ರ ಕೆಳಗೇ ಮಡಗ್ತಾ ಇದೀಯಲ್ಲೋ!" ಎಂದ. ಆದರೂ ಮಡಗಿಸಿಕೊಂಡ.

ನಾಟಕ ತಿದ್ದಿದಾಗಲೆಲ್ಲ ಸ್ಕೂಟರಿನಲ್ಲಿ ಹೋಗಿ ಮೂರನ್ನೂ ಸಂಗ್ರಹಿಸಿ, ಹೊಸದಾಗಿ ನಕಲು ಮಾಡಿ, ಮತ್ತೆ ಮೂರೂ ಕಡೆ ಸ್ಥಾಪಿಸಿ ಬರುತ್ತಿದ್ದೆ. ಹೆಂಡತಿ ಇದಕ್ಕೆ ನನ್ನ ಶಿಲುಬೆ ಹಾದಿ ಎಂದು ಹೆಸರಿಟ್ಟಿದ್ದಳು.

"ನನ್ ಇ-ಮೇಲ್‌ಗೇ ಒಂದ್ಸಲ ಕಳಿಸಿಟ್ಕೊಂಡ್ರೆ ಸಾಲ್ದೇನ್ರೀ?" ಎಂದು ಕೇಳಿದ್ದಳು ಕೂಡ.

"ಇಂಟರ್‌ನೆಟ್ಟಲ್ಲಿ ಯಾರಾದ್ರೂ ಕದ್ರೆ?"

"ಕತ್ತೆ ನಾಟಕ ಯಾರು ಕದೀತಾರ್ರೀ!"

ಹೋದ ವರ್ಷ ದಸರಾ ರಜೆ ಮುಗಿಯುತ್ತಿದ್ದ ಹಾಗೆ ಒಂದು ಭಾನುವಾರ, ಪೂಜೆ ಮುಗಿಸಿ ಹೊರಬರುವಾಗ ಫಾದರ್ ನಮ್ಮನ್ನು ನಿಲ್ಲಿಸಿಕೊಂಡರು. ಈ ಸಲದ ಕ್ರಿಸ್‌ಮಸ್‌ಗೆ ನಾಟಕವನ್ನು ಪುಟ್ಟ ಪುಸ್ತಕವಾಗಿ ಅಚ್ಚು ಹಾಕಿಸೋಣ, ಬೇರೆ ಚರ್ಚಿನ ಮಕ್ಕಳೂ ಆಡಲಿ ಎಂದರು. ನವೆಂಬರ್ ಮುಗಿಯುವುದರೊಳಗೆ ಪ್ರೆಸ್ಸಿಗೆ ಹೋಗಬೇಕು.

ಮನೆಗೆ ಬರುವಾಗ ಅವಳು ಸ್ಕೂಟರಿನ ಹಿಂದೆ ಕೂತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಕಿವಿಯ ಹತ್ತಿರ ಬಂದು, "ಹೆಸರಿನ ಕೆಳಗೆ ಏನಾದ್ರೂ ಹಾಕ್ತಾರಾ? ಶಿಕ್ಷಕಿ ಅಂತ?" ಎಂದಳು. ಆಗ ನನಗೆ ಗೊತ್ತಾಯಿತು. ಅಷ್ಟು ವರ್ಷ ಬೇರೆಯವರು ಬರೆದ ಪಾಠಗಳನ್ನು ಮಕ್ಕಳಿಗೆ ಓದಿಸಿದವಳು, ತನ್ನದೊಂದು ಮಾತನ್ನು ಅಚ್ಚಿನಲ್ಲಿ ನೋಡಬೇಕೆಂದು ಎಷ್ಟು ಕಾಲದಿಂದ ಆಸೆಪಟ್ಟಿದ್ದಳೋ, ಹೇಳಿರಲಿಲ್ಲ.

ಅವತ್ತೇ ಕಳಿಸಿಬಿಡಲು ಅವಳು ಹೊರಟಳು. ತಡೆದವನು ನಾನು. ಅಚ್ಚಾದ ಮೇಲೆ ತಪ್ಪು ಕಂಡರೆ ಏನು ಗತಿ, ಒತ್ತಕ್ಷರಗಳನ್ನು ಒಮ್ಮೆ ನೋಡಿಬಿಡುತ್ತೇನೆ ಎಂದೆ. ಒಮ್ಮೆ ನೋಡಿ, ನೋಡುವಾಗ ಗಮನ ತಪ್ಪಿತ್ತೇನೋ ಎಂದು ಇನ್ನೊಮ್ಮೆ ಶುರು ಮಾಡಿದೆ. ಆ ಎರಡನೆಯ ಸುತ್ತಿನಲ್ಲಿ, ಪೊಲೀಸು ಕತ್ತೆಯನ್ನು ತಡೆಯುವ ಜಾಗಕ್ಕೆ ಬಂದಾಗ, ಕಂಪ್ಯೂಟರು ಹಲ್ಲಿಯ ಹಾಗೆ ಲೊಚಗುಟ್ಟತೊಡಗಿತು. ಪರದೆ ಕಪ್ಪಾಯಿತು.

ವಿಚಿತ್ರವೆಂದರೆ ನಾನು ಒಂಚೂರೂ ಹೆದರಲಿಲ್ಲ. ಮನೆಯೇ ಬೀಳುತ್ತದೆಂದು ಬದುಕಿಡೀ ಕಾದವನ ಮೇಲೆ ಕೊನೆಗೂ ಒಂದು ಹೆಂಚು ಬಿದ್ದರೆ ಆಗುವಂಥ ಒಂದು ಬಗೆಯ ತೃಪ್ತಿ. ಅಕ್ಕಿ ಡಬ್ಬದಿಂದ ಪೆನ್‌ಡ್ರೈವ್ ತೆಗೆದು ಜೇಬಿಗೆ ಹಾಕಿಕೊಂಡು, ಕಂಪ್ಯೂಟರನ್ನು ಆಟೋದಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದೆ.

ಅಂಗಡಿ ನಡೆಸುವ ಹೆಂಗಸು ಬಿಚ್ಚಿ ನೋಡಿ, "ಡಿಸ್ಕ್ ಹೋಗಿದೆ ಸರ್. ಒಳಗೇ ಗೀರಿಬಿಟ್ಟಿದೆ, ಏನೂ ವಾಪಸ್ ಬರಲ್ಲ. ಬ್ಯಾಕಪ್ ಇಟ್ಟಿದೀರಾ?" ಎಂದರು.

ಈ ಒಂದು ಪ್ರಶ್ನೆಗೆ ನಾನು ವರ್ಷಗಟ್ಟಲೆ ತಯಾರಿ ನಡೆಸಿದ್ದೆ. ಕುರ್ಚಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿ, "ಯಾವ್ದು ಬೇಕು ಹೇಳಿ ಮೇಡಂ. ವಿಜಯನಗರದ್ದಾ, ಚಾಮರಾಜಪುರದ್ದಾ, ಕೆಸರೇದಾ?" ಎಂದೆ.

ಅವರು ನನ್ನ ಮುಖ ನೋಡಿದರು. ಪೆನ್‌ಡ್ರೈವ್ ಇಸಿದುಕೊಂಡು, ಮೆಣಸಿನಕಾಯಿಯ ಘಾಟಿಗೆ ಸೀನಿ, ತಮ್ಮ ಕಂಪ್ಯೂಟರಿಗೆ ಚುಚ್ಚಿದರು. ನಾಟಕದ ಚಿತ್ರ ಕಾಣಿಸಿತು, ಬಾಣದ ಸಮೇತ. ಒತ್ತಿದರು. ಅದು ತೆರೆಯಲಿಲ್ಲ. ಎಲ್ಲಿದೆಯೋ ಸಿಗುತ್ತಿಲ್ಲ ಎಂಬರ್ಥದ ಒಂದು ಚೌಕ ಎದ್ದು ಬಂತು.

"ಇದು ಫೈಲಲ್ಲ ಸರ್, ಶಾರ್ಟ್‌ಕಟ್ಟು. ಫೈಲ್ ಎಲ್ಲಿದೆ ಅಂತ ದಾರಿ ತೋರ್ಸೋದಷ್ಟೇ. ಈ ಬಾಣ ನೋಡಿ."

"ಅದು ಭದ್ರವಾಗಿದೆ ಅನ್ನೋ ಗುರುತಲ್ವಾ?"

"ಅಲ್ಲ ಸರ್."

"ನಾನು ಪ್ರತಿ ಸಲ ತೆರೆದು ನೋಡಿದೀನಿ ಕಣ್ರೀ! ತೆರ್ಕೊಳ್ತಿತ್ತು!"

"ಅದೇ ಕಂಪ್ಯೂಟರಲ್ಲಿ ನೋಡಿದ್ರಾ? ಹಂಗಾದ್ರೆ ತೆರ್ಕೊಳತ್ತೆ. ಮನೆ ಇದ್ದಾಗ ಅಡ್ರೆಸ್ ಹಿಡ್ಕೊಂಡು ಹೋದ್ರೆ ಮನೆ ಸಿಗತ್ತಲ್ವಾ. ಈಗ ಮನೆ ಬಿದ್ದೋಗಿದೆ, ನಿಮ್ ಕೈಲಿ ಅಡ್ರೆಸ್ ಒಂದೇ ಇರೋದು." ನನ್ನ ಮುಖ ಹೇಗಾಗಿತ್ತೋ, ದನಿ ತಗ್ಗಿಸಿ, "ಬೇಜಾರ್ ಮಾಡ್ಕೋಬೇಡಿ, ತುಂಬಾ ಜನ ಹಿಂಗ್ ಮಾಡ್ತಾರೆ" ಎಂದರು. ತುಂಬಾ ಅಂದರೆ ಎಷ್ಟು ಜನ ಎಂದು ಕೇಳೋಣ ಅನ್ನಿಸಿತು. ನನ್ನನ್ನು ಬಿಟ್ಟರೆ ಯಾರೂ ಇಲ್ಲ ಎಂದುಬಿಟ್ಟರೆ ಎಂದು ಸುಮ್ಮನಾದೆ.

ಆದರೂ ಚಾಮರಾಜಪುರಂಗೂ ಕೆಸರೆಗೂ ಹೋಗಿ ಬಂದೆ. ಯಾವುದೋ ಒಂದರಲ್ಲಾದರೂ ನಾನು ಅಪ್ಪಿತಪ್ಪಿ ಸರಿಯಾಗಿ ಮಾಡಿರಬಹುದು ಎಂಬ ಆಸೆ. ಎಲ್ಲದರಲ್ಲೂ ಅದೇ ಬಾಣ. ಮೈಸೂರಿನ ಮೂರು ಕಡೆಯಲ್ಲಿ ನಾನು ಜೋಪಾನ ಮಾಡಿದ್ದು ನಮ್ಮ ಮನೆಯ ಮೇಜಿಗೆ ಹೋಗುವ ದಾರಿಯನ್ನು.

"ಬುದ್ಧರ ಕೆಳಗಿದ್ದದ್ದೂ ಅಂಗೇನಾ?" ಎಂದ ಕೆಸರೆಯ ಗೆಳೆಯ. "ಶೂನ್ಯ ಅಂತ ಅವ್ರು ಮೊದ್ಲೇ ಹೇಳಿದ್ರು ಕಣೋ. ನೀನೇ ಕೇಳಿಸ್ಕೊಳ್ಳಿಲ್ಲ." ಆಮೇಲೆ ನನ್ನನ್ನು ನೋಡಿ ನಗು ನಿಲ್ಲಿಸಿ, "ತಂಗಿಗೆ ಹೇಳಿದ್ಯಾ?" ಎಂದ.

ಹೇಳಿರಲಿಲ್ಲ. ಮನೆಗೆ ಬಂದಾಗ ಹೆಂಡತಿ ಹುರುಳಿಕಾಯಿ ಸೋಸುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಒಂದು ಹಿಡಿ ತೆಗೆದುಕೊಂಡು ನಾರು ಬಿಡಿಸುತ್ತಾ ಹೇಳಿದೆ. ಅಡ್ರೆಸ್ಸು, ಮನೆ, ಬಾಣ, ಎಲ್ಲ.

"ಮೂರೂನಾ?"

"ಮೂರೂ."

ಅವಳು ಒಂದು ಕಾಯಿ ಮುರಿದು ಪಾತ್ರೆಗೆ ಹಾಕಿದಳು. "ಪರವಾಗಿಲ್ಲ ಬಿಡಿ. ಕತ್ತೆ ನಾಟಕ ತಾನೇ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನೀನೇ ಬರ್ದಿರೋದಲ್ವಾ, ನೆನಪಿರಲ್ವಾ?" ಎಂದೆ.

"ನೆನಪಿದೆ. ಎಲ್ಲಾ ವರ್ಷದ್ದೂ ಒಟ್ಟಿಗೇ ನೆನಪಿದೆ. ಯಾವ್ದನ್ನ ಉಳಿಸ್ದೆ, ಯಾವ್ದನ್ನ ಅಳಿಸ್ದೆ, ಅದೇ ಗೊತ್ತಿಲ್ಲ." ಆದರೂ ಮಾರನೆಯ ದಿನದಿಂದ ಶಾಲೆಯಿಂದ ಬಂದು ಹಾಳೆ ಪೆನ್ಸಿಲ್ ಹಿಡಿದು ಕೂರತೊಡಗಿದಳು. ಬರೆದಳು, ಹೊಡೆದು ಹಾಕಿದಳು. ಕೊನೆಗೆ ಹಾಳೆಯನ್ನು ನನ್ನ ಕಡೆ ನೂಕಿ, "ಓದಿ. ನಗು ಬರುತ್ತಾ?" ಎಂದಳು. ಬರಲಿಲ್ಲ. ನಕ್ಕೆ. ನನ್ನ ಆ ನಗು ಕೇಳಿ ಅವಳು ಪೆನ್ಸಿಲ್ ಕೆಳಗಿಟ್ಟಳು.

ಆಗ ನನಗೆ ಕತ್ತರಿ ನೆನಪಾಯಿತು. ನಾಟಕ ಚೂರುಚೂರಾಗಿ ಊರೆಲ್ಲ ಹಂಚಿಹೋಗಿದೆ. ನಾನು ಮಾಡಿದ ಪ್ರತಿಗಳು ಟೊಳ್ಳು, ಅವಳು ಕತ್ತರಿಸಿ ಹಂಚಿದ್ದು ಗಟ್ಟಿ. ಚೀಟಿ ಉಳಿದಿರಲಾರದು, ಮಕ್ಕಳಂತೂ ಇದ್ದಾರಲ್ಲ? ಅವರಲ್ಲಿ ಮೊದಮೊದಲಿನವರಿಗೆ ಈಗ ಗಡ್ಡ ಮೀಸೆ, ಕೆಲವರಿಗೆ ಮಕ್ಕಳು. ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹಿಡಿಯತೊಡಗಿದೆ. ಛತ್ರದ ಯಜಮಾನನಾಗಿದ್ದ ಹುಡುಗ ಬೆಳೆದು ನಿಜವಾಗಿಯೇ ಒಂದು ಲಾಡ್ಜಿನ ಕೌಂಟರಿನಲ್ಲಿ ಕೂತಿದ್ದ.

"ಆ ಡೈಲಾಗಾ? ಮರೆಯೋ ಛಾನ್ಸೇ ಇಲ್ಲ ಅಂಕಲ್," ಎಂದ. "ಪ್ರತಿ ದಸರಾದಲ್ಲೂ ಕಸ್ಟಮರಿಗೆ ಅದನ್ನೇ ಹೇಳೋದು. ಮಿಸ್ ಬರ್ದಂಗೇ."

ನವೆಂಬರಿನ ಒಂದು ಭಾನುವಾರ, ಪೂಜೆಯ ನಂತರ ಎಲ್ಲರನ್ನೂ ಚರ್ಚಿನ ಹಾಲಿನಲ್ಲಿ ಸೇರಿಸಿದೆ. ಹೆಂಡತಿಯನ್ನು ಮುಂದಿನ ಬೆಂಚಿನಲ್ಲಿ ಹಾಳೆಗಳ ಜೊತೆ ಕೂರಿಸಿದೆ. ಅವಳು ಒಲ್ಲದ ಮನಸ್ಸಿನಿಂದಲೇ, "ಹ್ಞೂಂ, ಶುರು ಮಾಡಿ ಮಕ್ಕಳೇ" ಎಂದಳು. ಮಗುವಿಗೆ ಕಾಣಿಕೆ ತರುವ ಮೂವರು ಅರಸರಲ್ಲಿ, ಈಗ ಬೊಜ್ಜು ಬಂದಿದ್ದ ಒಬ್ಬ ತಟ್ಟನೆ ಎದ್ದು ನಿಂತ.

ಎಲ್ಲರಿಗೂ ತಮ್ಮ ತಮ್ಮ ಮಾತು ನೆನಪಿತ್ತು. ಬೇರೆಯವರದ್ದು ಒಂದಕ್ಷರ ಗೊತ್ತಿರಲಿಲ್ಲ. ಒಬ್ಬ ಅರಸ ತಾನು ಚಿನ್ನ ತಂದೆನೆಂದ, ಇನ್ನೊಬ್ಬ ಮಗುವಿಗೆ ಉಲ್ಲನ್ ಟೋಪಿ ತಂದೆನೆಂದ, ಯಾರು ಮೊದಲು ಬಂದರೆಂದು ಇಬ್ಬರಿಗೂ ಗೊತ್ತಿಲ್ಲ. ತಾಯಿಯ ಪಾತ್ರದವಳಿಗೆ ನೀಲಿ ಸೀರೆ ಚುಚ್ಚುತ್ತಿದ್ದದ್ದು ಚೆನ್ನಾಗಿ ನೆನಪಿತ್ತು. ಪೊಲೀಸು ಕತ್ತೆಯನ್ನು ತಡೆದದ್ದು ಛತ್ರಕ್ಕೆ ಮುಂಚೆಯೋ ಆಮೇಲೋ ಎಂದು ದೊಡ್ಡ ಜಗಳವಾಯಿತು.

"ನಿಂಗೆ ಹೆಂಗ್ ಗೊತ್ತಾಗತ್ತೋ, ನೀನು ಬರೋದು ಕೊನೇಗೆ!"

"ಪರದೆ ಸಂದಿಯಿಂದ ನೋಡ್ತಿದ್ದೆ ಕಣೋ!"

"ನೀನು ಪರದೆ ಹಿಂದೆ ಕೇಕ್ ತಿಂತಿದ್ದೆ!"

ಹೆಂಡತಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು. ಸಾಕು, ಮನೆಗೆ ಹೋಗೋಣ ಎನ್ನಲು ಅವಳು ನನ್ನ ಕಡೆ ತಿರುಗಿದ್ದೂ ಆಯಿತು. ಅಷ್ಟರಲ್ಲಿ ಕೊನೆಯ ಸಾಲಿನಿಂದ ಒಂದು ದನಿ ಬಂತು. "ಅಲ್ಲ ಮಿಸ್. ಪೊಲೀಸು ಮೊದ್ಲು. ಆಮೇಲೆ ಛತ್ರದೋನು ಎರಡು ಸಲ ಕೆಮ್ತಾನೆ, ಆಮೇಲೆ ಬಾಗಿಲು ತೆಗೀತಾನೆ."

ಗಂಜಿ ಹಾಕಿದ ಕಾಟನ್ ಸೀರೆ ಉಟ್ಟ ಹೆಂಗಸು. ಕಾಲೇಜಿನಲ್ಲಿ ಗಣಿತ ಹೇಳುವವಳೆಂದು ಆಮೇಲೆ ತಿಳಿಯಿತು.

"ಯಾರಮ್ಮ ನೀನು? ಯಾವ ಪಾತ್ರ?" ಎಂದಳು ಹೆಂಡತಿ.

"ಕತ್ತೆ ಮಿಸ್."

"ಏ, ಕತ್ತೆ ನಾನು!" ಎಂದ ಮುಂದೆ ಕೂತಿದ್ದ ಒಬ್ಬ ದಾಂಡಿಗ.

"ನೀನು ಮುಂದುಗಡೆ. ಹಿಂದುಗಡೆ ನಾನು."

ಹೆಂಡತಿಗೆ ಆಗ ಗುರುತು ಸಿಕ್ಕಿತು. ನಾಲ್ಕು ಜನರನ್ನು ಕಂಡರೆ ಅಳುತ್ತಿದ್ದ ಹುಡುಗಿ. ಅಪ್ಪ ಅಮ್ಮ ನಾಟಕಕ್ಕೆ ಸೇರಿಸಲೇಬೇಕೆಂದು ಹಟ ಮಾಡಿದ್ದರಿಂದ, ಮುಖ ಕಾಣದ ಪಾತ್ರವೆಂದು ಕಂಬಳಿಯೊಳಗೆ ಹಾಕಿದ್ದಳು. ವರ್ಷ ವರ್ಷವೂ ಅದೇ ಪಾತ್ರ. ಹಿಂಗಾಲಿಗೆ ಮಾತಿಲ್ಲವಾದ್ದರಿಂದ ಚೀಟಿಯೂ ಇರಲಿಲ್ಲ.

"ಒಳಗೆ ಏನೂ ಕಾಣ್ತಿರ್ಲಿಲ್ಲ ಮಿಸ್. ಎಲ್ಲಿ ನಡೀಬೇಕು, ಎಲ್ಲಿ ನಿಲ್ಬೇಕು ಗೊತ್ತಾಗ್ಬೇಕಂದ್ರೆ ಎಲ್ಲರ ಮಾತೂ ಬಾಯಿಗೆ ಬರ್ಬೇಕಿತ್ತು. ಇವ್ನು ಹೇಳ್ತಾನೇ ಇರ್ಲಿಲ್ಲ."

"ನಂಗೆ ಆ ರಟ್ಟಿನ ತಲೆ ಹೊರೋದೇ ಸಾಕಾಗ್ತಿತ್ತು ಕಣಮ್ಮ," ಎಂದ ಮುಂಗಾಲು.

ಮೊದಲಿನಿಂದ ಹೇಳು ಎಂದಾಗ ಅವಳು ಎದ್ದು ನಿಂತು ಬಾಯಿ ತೆರೆದಳು. ಏನೂ ಬರಲಿಲ್ಲ. ಕೆಂಪಾದಳು. ಎದುರಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ, ತಲೆ ತಗ್ಗಿಸಿ ಕಣ್ಣು ಮುಚ್ಚಿದಳು. ಈಗ ಬಂತು. ಗಂಡನ ಮಾತು, ಹೆಂಡತಿಯ ಮಾತು, ಪೊಲೀಸಿನ ಸೀಟಿ, ಎರಡು ಕೆಮ್ಮು, ಮಂಚದ ಮೇಲೆ ಮಲಗಿದ ಗುಲ್ಬರ್ಗದವರು. ಸಭೆ ಎಲ್ಲಿ ನಗುತ್ತಿತ್ತೋ ಅಲ್ಲಿ ಅವಳು ಅಷ್ಟು ಹೊತ್ತು ನಿಲ್ಲಿಸುತ್ತಿದ್ದಳು. ಆ ತೆರವಿನಲ್ಲಿ ನಾವು ನಿಜವಾಗಿಯೂ ನಗುತ್ತಿದ್ದೆವು. ನನ್ನ ಹೆಂಡತಿಯ ಪೆನ್ಸಿಲ್ ಓಡುತ್ತಿತ್ತು.

ನಡುವೆ ಒಂದು ಕಡೆ ಹೆಂಡತಿ ಕೈ ಎತ್ತಿ ತಡೆದಳು. "'ಯೇಸುವೇ, ಈ ಕತ್ತೆ ಯಾಕೆ ನಿಂತ್ಬುಡ್ತು, ಮುಂದೆ ಬಾರಪ್ಪ ಮುಂದೆ ಬಾ' ಅಂತ ಯಾರು ಹೇಳೋದು? ಇದನ್ನ ನಾನು ಬರ್ದಿಲ್ಲ."

ಕತ್ತೆ ಕಣ್ಣು ಬಿಡದೆ ಹೇಳಿತು, "ನೀವೇ ಮಿಸ್. ಪರದೆ ಹಿಂದೆಯಿಂದ. ಪ್ರತಿ ವರ್ಷ. ಅದಾದ್ಮೇಲೇ ನಾನು ಕಾಲೆತ್ತೋದು."

ಹುರುಳಿಕಾಯಿಯ ದಿನದಿಂದ ನಗದಿದ್ದ ನನ್ನ ಹೆಂಡತಿ, ಹಾಳೆಗಳ ಮೇಲೆ ತಲೆಯಿಟ್ಟು ನಕ್ಕಳು. ಆಮೇಲೆ ಮೂಗು ಒರೆಸಿಕೊಂಡು ಅದನ್ನೂ ಬರೆದುಕೊಂಡಳು. ನಾಟಕಕ್ಕೆ ಹೊಸದೊಂದು ಪಾತ್ರ ಸೇರಿತು: ಪರದೆಯ ಹಿಂದಿನ ದನಿ. ಮಾಸ್ಕಿನ ಕಾಲದ ದೇವದೂತನ ಮಾತು ಮಾತ್ರ ಈ ಕತ್ತೆಗೆ ಗೊತ್ತಿರಲಿಲ್ಲ, ಅಷ್ಟರಲ್ಲಿ ಅವಳು ಕಂಬಳಿ ಬಿಟ್ಟಿದ್ದಳು. ಅದನ್ನು ದೇವದೂತನೇ ಬಂದು ಹೇಳಿ ಹೋದ.

ಅವತ್ತಿನಿಂದ ಶಾಲೆಯ ಬಿಡುವಿನಲ್ಲಿ ಕೂತು ಹೆಂಡತಿ ಎಲ್ಲವನ್ನೂ ತನ್ನ ಫೋನಿನಲ್ಲೇ ಟೈಪ್ ಮಾಡಿದಳು. ಮುಗಿದ ದಿನ ನಾನು, "ಒತ್ತಕ್ಷರ ಒಂದ್ಸಲ..." ಎಂದು ಬಾಯಿ ತೆರೆಯುವಷ್ಟರಲ್ಲಿ ಫಾದರಿಗೂ, ಅಕ್ಕನಿಗೂ, ಕೆಸರೆಯ ಗೆಳೆಯನಿಗೂ, ಅರಸರಿಗೂ, ಕತ್ತೆಯ ಎರಡೂ ಭಾಗಕ್ಕೂ ಕಳಿಸಿಬಿಟ್ಟಿದ್ದಳು. ಕದಿಯುವವರು ಕದ್ದುಕೊಳ್ಳಲಿ ಎಂದಳು. ಡಿಸೆಂಬರಿನಲ್ಲಿ ಪುಸ್ತಕ ಬಂತು, ಆಕಾಶ ಬಣ್ಣದ ರಟ್ಟು, ಹೆಸರಿನ ಕೆಳಗೆ 'ಶಿಕ್ಷಕಿ' ಎಂದು ಇತ್ತು. ಅವಳು ಅದನ್ನು ಮೂಸಿ ನೋಡಿದಳು. ಎರಡನೆಯ ಪುಟದಲ್ಲೇ ನನಗೊಂದು ಒತ್ತಕ್ಷರದ ತಪ್ಪು ಕಂಡಿತು. ಹೇಳಲಿಲ್ಲ. ನನ್ನ ಮಟ್ಟಿಗೆ ಅದು ಉಪವಾಸಕ್ಕಿಂತ ಕಠಿಣ ವ್ರತ.

ಆ ಕ್ರಿಸ್‌ಮಸ್‌ಗೆ ಹಳಬರೇ ನಾಟಕ ಆಡಬೇಕೆಂದು ತೀರ್ಮಾನವಾಯಿತು. ಗಣಿತದ ಮೇಡಂ ಮಾತ್ರ ತಾಲೀಮಿನ ಮೊದಲ ದಿನವೇ, "ಈ ಸಲ ನಂಗೆ ಮುಖ ಕಾಣೋ ಪಾರ್ಟ್ ಕೊಡಿ ಮಿಸ್" ಎಂದಳು. ಛತ್ರದವನ ಹೆಂಡತಿಯಾದಳು. ಹಿಂಗಾಲು ಖಾಲಿ ಬಿತ್ತು. ನನ್ನ ಹೆಂಡತಿ ಹಾಲಿನ ಸುತ್ತ ಒಮ್ಮೆ ಕಣ್ಣಾಡಿಸಿ, ನನ್ನ ಮೇಲೆ ತಂದು ನಿಲ್ಲಿಸಿದಳು.

"ಬಗ್ಗಿ ನಿಂತು ಎಲ್ಲಾ ಸರಿಯಾಗಿ ಕೇಳಿಸ್ಕೊಳಿ," ಎಂದಳು. "ಮುಂದಿನ ಸಲ ಏನಾದ್ರೂ ಕೆಟ್ಟೋದ್ರೆ ಮನೇಲೇ ಒಂದು ಪ್ರತಿ ಇರ್ಲಿ."

ಹೀಗೆ ನಾನು ಕಂಬಳಿಯೊಳಗೆ ಸೇರಿದೆ. ಅಲ್ಲಿ ನಿಜಕ್ಕೂ ಏನೂ ಕಾಣುವುದಿಲ್ಲ. ಎದುರಿಗೆ ಮುಂಗಾಲಿನವನ ಬೆಲ್ಟು, ನುಸಿಗುಳಿಗೆಯ ವಾಸನೆ. ಪೊಲೀಸು ಬಂದ, ಹೋದ. ಎರಡು ಸಲ ಕೆಮ್ಮಿದ್ದಾಯಿತು. ಗುಲ್ಬರ್ಗದವರಿಗೆ ಜನ ಬಿದ್ದು ಬಿದ್ದು ನಕ್ಕರು. ಆ ನಗೆಯ ನಡುವೆ ನನಗೆ ಇದ್ದಕ್ಕಿದ್ದ ಹಾಗೆ ಹೊಳೆಯಿತು: ಅವಸರದಲ್ಲಿ ಇವತ್ತು ಗೇಟಿನಿಂದ ಒಂದು ಸಲ ಕೂಡ ವಾಪಸು ಹೋಗಿ ನೋಡಿಲ್ಲ. ಕಾಲು ನೆಲಕ್ಕೆ ಅಂಟಿಕೊಂಡಿತು.

ಪರದೆಯ ಹಿಂದಿನ ದನಿ ಪುಸ್ತಕದಲ್ಲಿದ್ದಂತೆಯೇ ಬಂತು. "ಯೇಸುವೇ, ಈ ಕತ್ತೆ ಯಾಕೆ ನಿಂತ್ಬುಡ್ತು, ಮುಂದೆ ಬಾರಪ್ಪ ಮುಂದೆ ಬಾ." ಆಮೇಲೆ ಪುಸ್ತಕದಲ್ಲಿಲ್ಲದ್ದೊಂದು, ಇನ್ನೂ ಮೆಲ್ಲಗೆ: "ಹಿಂದುಗಡೆಯೋರೇ, ಗ್ಯಾಸ್ ನಾನೇ ಆರ್ಸಿದೀನಿ. ನಡೀರಿ."

ಕಾಲೆತ್ತಿದೆ.